ಪ್ರಶ್ನೆಯ ಶುಕ್ರವಾರ

ತುಂಬಿದ ಚರ್ಚಿನಲ್ಲಿ ಟಾರ್ಮೊಡ್ ಎದ್ದು ನಿಂತು ಆಡಿದ ಎರಡು ಮಾತೇ ಆ ದಿನದ ರಗಳೆಗೆಲ್ಲ ಮೂಲ. ಆ ಎರಡನ್ನೂ ಹಿಂದೊಮ್ಮೆ ಆಲೂಗಡ್ಡೆ ಸುಲಿಯುತ್ತ ಆಡಿದ್ದವಳು ಅವನ ಹೆಂಡತಿ ಶೋನಾಗ್.

ದ್ವೀಪದಲ್ಲಿ ವರ್ಷಕ್ಕೆರಡು ಸಲ ಬರುವ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನದ ವಾರ. ಅದರಲ್ಲಿ ಶುಕ್ರವಾರ ಪ್ರಶ್ನೆಯ ದಿನ. ಹಿರಿಯರೊಬ್ಬರು ಬೈಬಲಿನಿಂದ ಒಂದು ಪ್ರಶ್ನೆ ಇಡುತ್ತಾರೆ. ಪಾದ್ರಿ ಹೆಸರು ಕೂಗಿದ ಗಂಡಸು ಎದ್ದು ಉತ್ತರಿಸಬೇಕು. ಹೆಂಗಸರ ಹೆಸರನ್ನು ಯಾರೂ ಕೂಗುವುದಿಲ್ಲ. ಟಾರ್ಮೊಡನ ಹೆಸರೂ ಇಪ್ಪತ್ತು ವರ್ಷಗಳಲ್ಲಿ ಬಂದದ್ದು ಇದೇ ಮೊದಲು.

ಪ್ರಶ್ನೆ ಇಟ್ಟವರು ಪಕ್ಕದ ದ್ವೀಪದ ಇವಾಂಡರ್. ನಾಲ್ಕು ಊರಿಗೂ ಪೂಜ್ಯರಾದ ಮುದುಕರು. "ಎಲ್ಲ ಬಲ್ಲ ದೇವರು ತೋಟದಲ್ಲಿ ಅಡಗಿಕೊಂಡ ಆದಾಮನನ್ನು 'ನೀನು ಎಲ್ಲಿದ್ದೀ' ಎಂದು ಕೇಳಿದ್ದೇಕೆ?"

ಟಾರ್ಮೊಡ್ ಬಲೆಗೆ ಬಿದ್ದ ಮೀನಿನಂತೆ ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ಹೇಳಿದ: "ಬಾಗಿಲ ಹಿಂದೆ ಬಚ್ಚಿಟ್ಟುಕೊಂಡ ಮಗುವಿನ ಕಾಲು ತಾಯಿಗೆ ಕಾಣ್ತಾ ಇರುತ್ತೆ. ಆದ್ರೂ 'ಎಲ್ಲಿದ್ದೀಯಪ್ಪಾ' ಅಂತಾಳೆ, ಮಗು ತಾನಾಗೇ ಹೊರಗೆ ಬರಲಿ ಅಂತ."

ಚರ್ಚಿಗೆ ಚರ್ಚೇ ಮೆಚ್ಚಿ ತಲೆದೂಗಿತು. ಪರಿಣಾಮವಾಗಿ, ಪರವೂರಿನಿಂದ ಬಂದಿದ್ದ ಹದಿನಾಲ್ಕು ಮಂದಿ ಇವಾಂಡರರನ್ನು ಮುಂದಿಟ್ಟುಕೊಂಡು ಟಾರ್ಮೊಡನ ಮನೆಗೇ ಊಟಕ್ಕೆ ಹೊರಟರು.

ಗೇಟಿನ ಬಳಿ ಶೋನಾಗ್ ಗಂಡನ ಕೋಟು ಹಿಡಿದಳು. "ರೀ, ಅದು ನನ್ನ ಮಾತು."

"ಹೌದು. ನನಗೆಲ್ಲಿಂದ ಬರಬೇಕು ಅಂಥ ಮಾತು?"

"ಹಾಗಂತ ಅವರ ಮುಂದೆ ಒಂದು ಸಲ ಹೇಳಿ. ಒಂದೇ ಸಲ."

"ಊಟಕ್ಕೆ ಕೂತಾಗ ಖಂಡಿತ ಹೇಳ್ತೀನಿ, ಮಾರಾಯ್ತಿ."

ಅವಳಿಗೆ ಹೊಗಳಿಕೆ ಬೇಕಿರಲಿಲ್ಲ. ಮೂವತ್ತು ವರ್ಷ ಒಲೆಯ ಮುಂದೆ ನಿಂತು ಬೈಬಲಿನ ವಚನಗಳನ್ನು ಮನಸ್ಸಿನಲ್ಲಿ ತಿರುವಿ ಹಾಕಿದ್ದಳು. ಒಳಗೆ ಒಬ್ಬಳು ಇದ್ದಾಳೆ ಎಂದು ಹೊರಗಿನವರಿಗೆ ಗೊತ್ತಾದರೆ ಸಾಕಿತ್ತು.

ಆದರೆ ಊಟಕ್ಕೆ ಕುಳಿತವರಲ್ಲಿ ಊರಿಗೆ ಹೊಸಬನಾದ ಪಶುವೈದ್ಯ ರಾನಲ್ಡನೂ ಇದ್ದ. ಅವನಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ಉಪ್ಪು ಹಾಕಿದ ಹೆರಿಂಗ್ ಮೀನಿನಲ್ಲಿ ಅಪಾರ ನಂಬಿಕೆಯಿತ್ತು. ಟಾರ್ಮೊಡ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲೇ ಅವನು ಕೇಳಿದ: "ಯಾಯಿರನ ಸತ್ತ ಮಗಳನ್ನ ಯೇಸು ಎಬ್ಬಿಸಿದ್ದು ಬರೀ ಕಟ್ಟುಕತೆ ಅಲ್ವೇನ್ರೀ?"

ಹದಿನಾಲ್ಕು ತಲೆಗಳು ಟಾರ್ಮೊಡನ ಕಡೆ ತಿರುಗಿದವು.

"ಆಲೂಗಡ್ಡೆ ಬೆಂದಿದ್ಯೋ ಏನೋ, ನೋಡ್ಕೊಂಡು ಬಂದೆ," ಎಂದು ಅವನು ಅಡುಗೆಮನೆಗೆ ಓಡಿದ.

"ಹೇಳಿದ್ರಾ?" ಎಂದಳು ಶೋನಾಗ್.

"ಇನ್ನೂ ಇಲ್ಲ. ಯಾಯಿರನ ಮಗಳು ಕಟ್ಟುಕತೆಯಂತೆ, ಬೇಗ ಹೇಳು!"

"ಕತೆ ಕಟ್ಟೋನಾಗಿದ್ರೆ ಅವಳು ಎದ್ದಳು ಅಂತ ಅಲ್ಲಿಗೇ ನಿಲ್ಲಿಸ್ತಿದ್ದ. 'ಅವಳಿಗೆ ಊಟ ಕೊಡಿ' ಅಂತ ಯೇಸು ಅಂದದ್ದನ್ನ ಯಾಕೆ ಬರೀತಾನೆ? ಕಣ್ಣಾರೆ ಕಂಡೋರಿಗೆ ಮಾತ್ರ ಇಂಥ ಸಣ್ಣದು ನೆನಪಿರುತ್ತೆ."

ಟಾರ್ಮೊಡ್ ಆ ಉತ್ತರವನ್ನು ತುಳುಕದ ಹಾಗೆ ಹೊತ್ತೊಯ್ದ. ಊಟದ ಕೋಣೆಯಿಂದ "ಆಹಾ!" ಕೇಳಿಸಿತು. ಅಲ್ಲಿ ಬಡಿಸುತ್ತಿದ್ದ ಪಕ್ಕದ ಮನೆಯ ಕೇಟಿ-ಆನ್ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು.

ಎರಡು ನಿಮಿಷಕ್ಕೆ ಟಾರ್ಮೊಡ್ ಮತ್ತೆ ಹಾಜರು. "ಅಡುಗೆ ಮಾಡ್ತಿದ್ದ ಮಾರ್ಥಳಿಗೆ ಯೇಸು ಬೈದನಂತೆ. ದುಡಿಯೋರಿಗೆ ಬೆಲೆ ಇಲ್ವಾ ಅಂತಾನೆ ಆ ಡಾಕ್ಟರು!"

ಶೋನಾಗ್ ಸೌಟನ್ನು ಕೆಳಗಿಟ್ಟಳು. "ಬೈದದ್ದು ಅಡುಗೆಗಲ್ಲ, ಅವಳ ಗಡಿಬಿಡಿಗೆ. ಅವಳ ತಮ್ಮ ಸತ್ತಾಗ ದಾರಿಗೆ ಹೋಗಿ ಯೇಸುವನ್ನ ಎದುರುಗೊಂಡವಳು ಯಾರು? 'ನೀನೇ ಕ್ರಿಸ್ತ, ದೇವಕುಮಾರ' ಅಂದವಳು ಯಾರು? ಅದೇ ಮಾರ್ಥ! ದೊಡ್ಡ ಶಿಷ್ಯ ಪೇತ್ರ ಹೇಳಿದ್ದನ್ನೇ ಅಡುಗೆಮನೆಯವಳೂ ಹೇಳಿದ್ಳು. ಹೋಗಿ ಹೇಳಿ. ನನ್ನ ಹೆಸರೂ ಹೇಳಿ!"

ಅವನು ಮೊದಲನೆಯದನ್ನು ಹೇಳಿದ. ಎರಡನೆಯದನ್ನು ಹೇಳುವಷ್ಟರಲ್ಲಿ ಯಾರೋ ಅವನನ್ನು ಅಪ್ಪಿಕೊಂಡರು.

ಶೋನಾಗ್ ಮೀನಿನ ಪಾತ್ರೆಯ ಮುಂದೆ ಕಣ್ಣೊರೆಸಿಕೊಂಡಳು. ಆಗ ಬಾಗಿಲು ಕಿರುಗುಟ್ಟಿತು. ಸಾಕ್ಷಾತ್ ಇವಾಂಡರ್! ಅವರು ಬಾಗಿಲು ಮುಚ್ಚಿ, ಮೆಲ್ಲನೆ ಅಂದರು:

"ತಾಯಿ, ನನಗೆ ಗೊತ್ತಾಯ್ತು. ಉತ್ತರ ಎಲ್ಲಾ ಈ ಬಾಗಿಲಿಂದ ಬರ್ತಿದೆ."

ಅವಳ ಎದೆ ಕೆಟಲಿನ ಮುಚ್ಚಳದಂತೆ ಹಾರತೊಡಗಿತು. ಕೊನೆಗೂ ಒಬ್ಬರಿಗೆ ತಿಳಿಯಿತು! ಅದೂ ಯಾರಿಗೆ! ಇವರು ಒಂದು ಮಾತಂದರೆ ನಾಲ್ಕು ಊರು ನಂಬುತ್ತದೆ. "ನಿಮಗೆ ಹೇಗೆ ಗೊತ್ತಾಯ್ತು ಹಿರಿಯರೇ?"

"ನಲವತ್ತು ವರ್ಷದಿಂದ ನಾನೂ ಹೀಗೇ ಅಡುಗೆಮನೆಗೆ ಓಡ್ತಾ ಇದ್ದೀನಲ್ಲಮ್ಮ!" ಮುದುಕರು ಹಣೆ ಒರೆಸಿಕೊಂಡರು. "ನಮ್ಮನೆಯವಳು ಈ ಸಲ ಕಾಲು ಮುರ್ಕೊಂಡು ಮನೇಲೇ ಉಳಿದ್ಳು. ಬರುವಾಗ ಚರ್ಚಲ್ಲಿ ಇಡೋಕೆ ಒಂದು ಪ್ರಶ್ನೆ ಕಟ್ಟಿಕೊಟ್ಟಿದ್ಳು. ಉತ್ತರ ಹೇಳೋಷ್ಟರಲ್ಲಿ ದೋಣಿಗೆ ಹೊತ್ತಾಗಿಬಿಡ್ತು. ಈಗ ಆ ದನದ ಡಾಕ್ಟರು ನನ್ನನ್ನೇ ಹಿಡ್ಕೊಂಡಿದ್ದಾನೆ. ನಂಬಿ ನೀರ ಮೇಲೆ ನಡೆದ ಪೇತ್ರನ್ನ ಯೇಸು ಮುಳುಗೋಕೆ ಬಿಟ್ಟಿದ್ದು ಯಾಕಂತೆ?"

ಶೋನಾಗ್ ಅವರನ್ನೇ ನೋಡಿದಳು. ನಗಬೇಕೋ ಸೌಟು ಎತ್ತಬೇಕೋ ತಿಳಿಯಲಿಲ್ಲ. ಆದರೆ ಉತ್ತರ ನಾಲಗೆಯ ತುದಿಯಲ್ಲಿತ್ತು. ಗೊತ್ತಿದ್ದನ್ನು ನುಂಗಿಕೊಂಡು ಅಭ್ಯಾಸವಿರಲಿಲ್ಲ.

"ಪೇತ್ರ ಮೀನುಗಾರ, ಈಜು ಬರ್ತಿತ್ತು. ಈಜು ಬಲ್ಲೋನೂ ತನ್ನ ಈಜನ್ನ ನಂಬದೆ 'ಕಾಪಾಡು' ಅಂತ ಕೂಗೋದು ಕಲೀಬೇಕಲ್ಲ, ಅದಕ್ಕೆ. ಬಿಟ್ಟ ಅಂತ ಯಾಕಂತೀರಿ? ಕೂಗಿದ ತಕ್ಷಣ ಕೈ ಹಿಡಿದನಲ್ಲ!"

ಇವಾಂಡರ್ ತುಟಿಯಲ್ಲೇ ಎರಡು ಸಲ ಒಪ್ಪಿಸಿಕೊಂಡು ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಕೇಟಿ-ಆನ್ ಖಾಲಿ ತಟ್ಟೆಗಳ ಗುಡ್ಡೆ ಹೊತ್ತು ಒಳಬಂದಳು. ಅವಳ ಕಣ್ಣು ತುಂಬಿತ್ತು.

"ಅಯ್ಯೋ ಶೋನಾಗ್, ಎಂಥಾ ಮಾತು ಕೇಳೋದು ನಿನಗೆ ತಪ್ಪಿಹೋಯ್ತು! ಪೇತ್ರನ ವಿಷಯ ಇವಾಂಡರ್ ಹೇಳಿದ್ರು ನೋಡು, ಆ ಡಾಕ್ಟರೂ ಮೀನು ತಿನ್ನೋದು ನಿಲ್ಲಿಸಿದ! ಇನ್ನು ಮೇಲೆ ಪ್ರತಿ ಸಲವೂ ಎಲ್ಲರ ಊಟ ನಿಮ್ಮನೇಲೇ ಅಂತೆ, ಹಿರಿಯರೇ ಹೇಳಿಬಿಟ್ರು." ತಟ್ಟೆಗಳನ್ನು ಅವಳ ಮುಂದೆ ಇಳಿಸಿ ದನಿ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡ, ಅಕ್ಕನ ಹಾಗೆ ಹೇಳ್ತೀನಿ. ಇಂಥಾ ಗಂಡನ್ನ ಕಟ್ಕೊಂಡು ಬರೀ ಮೀನು ಬೇಯಿಸ್ತಾ ನಿಂತ್ರೆ ಹೇಗೆ? ನೀನೂ ಸ್ವಲ್ಪ ಬೈಬಲ್ ಓದಮ್ಮ."