ದೊಡ್ಡಪ್ಪನ ವಂಶವಾಹಿ ಶಾಸ್ತ್ರ

ವಂಶವಾಹಿಯನ್ನು ಯಾವ ದೇಶದ ಯಾವ ವಿಜ್ಞಾನಿ ಕಂಡುಹಿಡಿದನೋ ನಾನರಿಯೆ. ಅದರ ಪೂರ್ತಿ ಶಾಸ್ತ್ರ ಹರಿಹರದ ನಮ್ಮ ದೊಡ್ಡಪ್ಪನ ಬಳಿ ಮೊದಲೇ ಸಿದ್ಧವಾಗಿತ್ತು ಎಂದರೆ ನೀವು ನಂಬಲೇಬೇಕು! ಶಾಸ್ತ್ರ ಬಹಳ ಸರಳ. ಮಕ್ಕಳಲ್ಲಿ ಒಳ್ಳೆಯದೇನಿದ್ದರೂ ನಮ್ಮ ಮನೆತನದ್ದು, ಕೆಟ್ಟದ್ದೇನಿದ್ದರೂ ಸೊಸೆಯಂದಿರ ತವರಿನದು.

ಅವರ ಮಗಳು, ಅಂದರೆ ನನ್ನ ಅಕ್ಕ, ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದರೆ ಅದು ನಮ್ಮಜ್ಜನ ತಲೆ. ಅದೇ ಅಕ್ಕ ಹಾಡಲು ಹೋಗಿ ಶ್ರುತಿ ತಪ್ಪಿದರೆ ದೊಡ್ಡಮ್ಮನ ತವರು ನಂದಿಗುಡಿಯ ಕೊಡುಗೆ. ನನ್ನ ನೀಳವಾದ ಮೂಗು ನಮ್ಮ ಮನೆಯದು. ಅದರ ತುದಿಯಲ್ಲಿ ಸದಾ ಕೂತಿರುವ ಸಿಟ್ಟು ಮಾತ್ರ ಅವ್ವನ ತವರಿನದು. ಒಂದೇ ಮೂಗನ್ನು ಎರಡು ಮನೆತನಕ್ಕೆ ಪಾಲು ಮಾಡಿಕೊಟ್ಟ ಪಂಡಿತರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ದೊಡ್ಡಪ್ಪನದು ಭತ್ತದ ಬೀಜದ ಅಂಗಡಿ. ಅಲ್ಲಿ ಮಾತ್ರ ಅವರ ಶಾಸ್ತ್ರ ಬೇರೆ. ಒಮ್ಮೆ ಚೀಲಗಳೆಲ್ಲ ಮಾರಾಟವಾದ ಮೇಲೆ, ಪರೀಕ್ಷೆಗೆಂದು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟಿದ್ದ ಅದೇ ಬೀಜ ಸರಿಯಾಗಿ ಮೊಳೆಯಲಿಲ್ಲ. ದೊಡ್ಡಪ್ಪ ಸ್ಕೂಟರ್ ಹತ್ತಿದರು. ಬೀಜ ಒಯ್ದವರ ಮನೆಮನೆಗೆ ಹೋಗಿ, ಕೊಟ್ಟ ಚಹಾ ಕೂಡ ಮುಟ್ಟದೆ, ನಮ್ಮ ಅಂಗಡಿಯ ಬೀಜ ಸರಿಯಿಲ್ಲ, ಬಿತ್ತಬೇಡಿ ಎಂದು ಹೇಳಿ ಬಂದರು. ತನ್ನ ಸರಕನ್ನು ತಾನೇ ಹಳಿಯುವ ವ್ಯಾಪಾರಿ! ಈ ನ್ಯಾಯದಲ್ಲಿ ಚೂರಾದರೂ ನನ್ನ ತವರಿಗೆ ಸಿಗಬಾರದಿತ್ತೇ ಎಂದು ದೊಡ್ಡಮ್ಮ ಗೊಣಗಿದರು.

ಹೋದ ವರ್ಷ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದಾಯಿತು. ಇನ್ನೂ ಸಣ್ಣ ವಯಸ್ಸು. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ವಿವರಿಸಿದರು. ಈ ಕಾಯಿಲೆಗೆ ದಾರಿ ಮಾಡಿಕೊಡುವ ಜೀನ್ ಯಾವುದೆಂದು ವಿಜ್ಞಾನಿಗಳು ಪತ್ತೆ ಹಚ್ಚಿದ್ದಾರೆ, ರಕ್ತ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ, ಅಕ್ಕನಲ್ಲಿ ಅದರ ದೋಷ ಇದೆ, ಅದು ಹೆತ್ತವರಲ್ಲಿ ಯಾರಿಂದಲಾದರೂ ಬಂದಿರಬಹುದು ಎಂದರು. ದೊಡ್ಡಪ್ಪನ ಕಣ್ಣು ಆಗಲೇ ದೊಡ್ಡಮ್ಮನ ಕಡೆ ತಿರುಗಿತ್ತು. ದೊಡ್ಡಮ್ಮ ತಲೆ ತಗ್ಗಿಸಿಕೊಂಡೇ ರಕ್ತ ಕೊಟ್ಟರು. ಆಮೇಲೆ ನರ್ಸಿಗೆ ಮೆಲ್ಲಗೆ, "ಇವರದೂ ತಗೊಳ್ರಿ" ಎಂದರು.

ವರದಿ ಬಂತು. ದೊಡ್ಡಮ್ಮನಲ್ಲಿ ದೋಷ ಇರಲಿಲ್ಲ. ದೊಡ್ಡಪ್ಪನಲ್ಲಿತ್ತು.

"ಗಂಡಸ್ರ ಕಡೆಯಿಂದನೂ ಬರ್ತೈತೇನ್ರಿ?" ಎಂದು ದೊಡ್ಡಪ್ಪ ಕೇಳಿದರು. ಹೌದು, ನಿಮ್ಮ ಒಡಹುಟ್ಟಿದವರಲ್ಲೂ ಅವರ ಮಕ್ಕಳಲ್ಲೂ ಇರಬಹುದು, ಮೊದಲೇ ತಿಳಿದರೆ ಜೀವ ಉಳಿಸಿಕೊಳ್ಳಬಹುದು ಎಂದರು ಡಾಕ್ಟರಮ್ಮ.

ಮರುದಿನ ಸ್ಕೂಟರ್ ಹೊರಟಿತು. ತಂಗಿಯರ ಮನೆ, ಅವರ ಹೆಣ್ಣುಮಕ್ಕಳ ಮನೆ, ಎಲ್ಲ ಕಡೆಯೂ ಅದೇ ಕ್ರಮ. ಚಹಾ ಬೇಡ. "ನಮ್ಮ ಮನೇದು ಐತವ್ವ. ಪರೀಕ್ಷೆ ಮಾಡಿಸ್ಕೊಳ್ರಿ." ಮಗಳಿಗೆ ಗಂಡು ನೋಡುತ್ತಿದ್ದ ನಿಜಲಿಂಗಪ್ಪ ಬಡಾವಣೆಯ ಅತ್ತೆ, ಸಂಬಂಧ ಕೆಡಿಸಲು ಬಂದೆಯಾ ಎಂದು ಬಾಗಿಲು ಹಾಕಿಕೊಂಡರು. ದೊಡ್ಡಪ್ಪ ಬಾಗಿಲಿಗೇ ಎಲ್ಲವನ್ನೂ ಹೇಳಿ ಮುಗಿಸಿ ಬಂದರು. ಆ ಹುಡುಗಿ ಆಮೇಲೆ ತಾನೇ ಫೋನ್ ಮಾಡಿ ಆಸ್ಪತ್ರೆಯ ವಿಳಾಸ ಕೇಳಿದಳಂತೆ.

ಕೊನೆಗೆ ವಿನೋಬನಗರದ ನಮ್ಮ ಮನೆ. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ನೋಡಬೇಕಾದ್ದು ನನ್ನ ರಕ್ತವನ್ನೇ. ನಾನು ಹೆದರಿದೆ, ಸುಳ್ಳೇಕೆ ಹೇಳಲಿ? ಆದರೆ ಈ ಮನುಷ್ಯ ಅವ್ವನ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ಕಂಡ ಮೇಲೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ವರದಿಯ ದಿನ ದೊಡ್ಡಪ್ಪನೇ ಜೊತೆಗೆ ಬಂದರು. ನನ್ನಲ್ಲಿ ದೋಷ ಇಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ಟವೆಲಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. ಇನ್ನೇನು, ನಮ್ಮ ಮನೆತನದ ರಕ್ತದ ಗುಣಗಾನ ಶುರುವಾಗುತ್ತದೆ ಎಂದು ನಾನು ಕಾದೆ.

"ನಿಮ್ಮವ್ವನ ತವರಿನ ರಕ್ತ ಬಂದೈತೆ ನಿಂಗೆ" ಎಂದರು. "ಪುಣ್ಯ ಬಿಡವ್ವ."

ಹಾಗಲ್ಲ, ಅಪ್ಪನಿಂದಲೂ ಆ ಜೀನಿನ ಒಳ್ಳೆಯ ಪ್ರತಿಯೇ ಬಂದಿದೆ ಎಂದು ಡಾಕ್ಟರಮ್ಮ ತಿದ್ದಲು ನೋಡಿದರು. ದೊಡ್ಡಪ್ಪ ಆಗಲೇ ಎದ್ದು ಹೊರಟಿದ್ದರು. ನಾನು ಅವ್ವನಿಗೆ ಫೋನ್ ಮಾಡಿ, ವರದಿಗಿಂತ ಮೊದಲು ಆ ಮಾತನ್ನೇ ಹೇಳಿದೆ.