ಮುಖಪುಟಕ್ಕೊಂದು ಮುಖ

ಹೆಂಡತಿಯ ಚಿತ್ರವನ್ನು ಒಮ್ಮೆಯೂ ಬರೆಯದೆ ಹದಿನಾಲ್ಕು ವರ್ಷ ಸಂಸಾರ ಮಾಡಿದ ಚಿತ್ರಕಾರ ಆರ್ವಿಲ್ ಹಚಿನ್ಸ್, ಕೊನೆಗೊಮ್ಮೆ ಬರೆದದ್ದರಿಂದಲೇ ಕೆಟ್ಟ.

ಸ್ಯಾನ್ ಹೋಸೆಯ ಒಂದು ಹುಡುಕುತಾಣದ ಕಂಪನಿಯಲ್ಲಿ ಅವನಿಗೆ ಕೆಲಸ. ದೊಡ್ಡ ವಿಜ್ಞಾನಿಗಳು ಹುಟ್ಟಿದ ದಿನ ತಾಣದ ಮುಖಪುಟದಲ್ಲಿ ಅವರದೊಂದು ಚಿತ್ರ ಬರುತ್ತದಲ್ಲ, ಅದನ್ನು ಬರೆಯುವವನು ಇವನೇ. ಯಾವಳೋ ನಕ್ಷತ್ರಶಾಸ್ತ್ರಜ್ಞೆಯ ಹುಬ್ಬಿಗೆ ಮೂರು ದಿನ, ಯಾವನೋ ವೈದ್ಯನ ಗಡ್ಡಕ್ಕೆ ಒಂದು ವಾರ ಪ್ರಾಣ ತೇಯುವ ಗಂಡನನ್ನು ನೋಡಿ ನೋಡಿ ಡೆಲ್ಫಿನ್‌ಗೆ ರೋಸಿಹೋಗಿತ್ತು.

"ನಿನ್ನ ಕೈಯಲ್ಲಿ ಚಿತ್ರ ಆಗ್ಬೇಕಾದ್ರೆ ಒಂದೋ ಏನಾದ್ರೂ ಕಂಡುಹಿಡಿದಿರ್ಬೇಕು, ಇಲ್ಲಾ ಸತ್ತು ನೂರು ವರ್ಷ ಆಗಿರ್ಬೇಕು," ಎಂದಿದ್ದಳು ಒಮ್ಮೆ. (ಅವಳು ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಏನು ಹೇಳಿದರೂ ಅಳತೆ ಮಾಡಿಯೇ ಹೇಳುತ್ತಾಳೆ.)

ಆ ಮಾತು ಆರ್ವಿಲ್‌ನನ್ನು ಚುಚ್ಚುತ್ತಲೇ ಇತ್ತು. ಅಷ್ಟರಲ್ಲಿ ವಿನಿಫ್ರೆಡ್ ಸ್ಟೋಬಾರ್ಟ್ ಎಂಬಾಕೆಯ ಚಿತ್ರದ ಸರದಿ ಬಂತು. ಜೀವಮಾನವಿಡೀ ಪಾಚಿಯನ್ನು ಅಧ್ಯಯನ ಮಾಡಿದ ಮಹಾತಾಯಿ. ಕಂಪನಿಗೆ ಸಿಕ್ಕಿದ್ದ ಒಂದೇ ಒಂದು ಫೋಟೋದಲ್ಲಿ ಆಕೆ ಬಂಡೆಯ ಮೇಲೆ ಬಗ್ಗಿ ನಿಂತಿದ್ದಳು. ಕಾಣುತ್ತಿದ್ದುದು ಟೋಪಿ ಮತ್ತು ಬೆನ್ನು. ಮುಖವೇ ಇಲ್ಲದ ವಿಜ್ಞಾನಿಗೆ ಹೆಂಡತಿಯ ಮುಖ ಇಟ್ಟರೆ ಹೇಗೆ ಎಂಬ ದಿವ್ಯಜ್ಞಾನ ಆರ್ವಿಲ್‌ಗೆ ಉದಯಿಸಿದ್ದು ಆಗ. ಡೆಲ್ಫಿನ್ ಊಟದ ಮೇಜಿನ ಮೇಲೆ ಪರೀಕ್ಷೆಯ ಉತ್ತರ ತಿದ್ದುತ್ತಾ ಕೂತಿದ್ದಾಗ, ದಿನಪತ್ರಿಕೆಯ ಮರೆಯಿಂದ ನಾಲ್ಕು ದಿನ ಕದ್ದು ನೋಡಿ ಬರೆದ. ಮೇಲಿನವರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.

ಚಿತ್ರ ಬಂದ ದಿನ ಬೆಳಗ್ಗೆ ಅವನು ಮೊಟ್ಟೆ ಹುರಿದು, ಕಾಫಿ ಬಗ್ಗಿಸಿ, ಫೋನನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟು ಕಾದ.

"ಪಾಪ," ಎಂದಳು ಡೆಲ್ಫಿನ್. "ಹುಟ್ಟಿದಾಗಿಂದ ನಕ್ಕೇ ಇಲ್ಲ ಅನ್ಸುತ್ತೆ. ಮನುಷ್ಯರ ಸಹವಾಸ ಬಿಟ್ಟು ಪಾಚಿ ಹಿಂದೆ ಯಾಕೆ ಹೋದ್ಲು ಅಂತ ಈಗ ಗೊತ್ತಾಯ್ತು."

"ನನಗೇನೋ ಲಕ್ಷಣವಾಗಿದಾಳೆ ಅನ್ಸುತ್ತೆ."

"ಆ ಮೂಗು ನೋಡು ಆರ್ವಿಲ್."

"ಆ ಮೂಗು ನಿಂದೇ," ಎಂದುಬಿಟ್ಟ.

ಅವಳು ಫೋನ್ ಹಿಡಿದು ಬಚ್ಚಲುಮನೆಯ ಕನ್ನಡಿಯ ಮುಂದೆ ಹೋಗಿ ಬಾಗಿಲು ಹಾಕಿಕೊಂಡಳು. ಆರ್ವಿಲ್ ಹೊರಗೆ ನಿಂತು ಸಮಜಾಯಿಷಿ ಕೊಟ್ಟ. ಉತ್ತರ ತಿದ್ದುವಾಗಿನ ಮುಖವಾದ್ದರಿಂದ ಸ್ವಲ್ಪ ಗಂಟಿಕ್ಕಿದೆ ಎಂದ. ಹುಬ್ಬನ್ನು ತಾನು ಆದಷ್ಟೂ ಸಡಿಲಿಸಿಯೇ ಬರೆದಿದ್ದೇನೆ ಎಂದ. ಬಾಯಿ ಬಿಟ್ಟಷ್ಟೂ ತಾನೇ ತೋಡಿಕೊಂಡ ಗುಂಡಿ ಆಳವಾಯಿತು. ಕಾಲು ಗಂಟೆಯ ಮೇಲೆ ಅವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ಇಷ್ಟು ವರ್ಷದಲ್ಲಿ ನೀನು ನನ್ನ ಮುಖ ನೋಡಿದೀಯ ಅಂತಾದ್ರೂ ಗೊತ್ತಾಯ್ತಲ್ಲ," ಎಂದು ಅವನ ಕೆನ್ನೆಗೆ ಮುತ್ತಿಟ್ಟು ಶಾಲೆಗೆ ಹೋದಳು.

ಆರ್ವಿಲ್ ನೆಲದಿಂದ ಎರಡಂಗುಲ ಮೇಲೆ ನಡೆಯುತ್ತಾ ಕಚೇರಿಗೆ ಹೋದ. ಅವಳು ಶಾಲೆಯಿಂದ ಸಂದೇಶದ ಮೇಲೆ ಸಂದೇಶ ಕಳಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರಂತೆ. ಮುಖ್ಯೋಪಾಧ್ಯಾಯಿನಿ ಸಭಾಂಗಣದ ದೊಡ್ಡ ಪರದೆಯಲ್ಲಿ ತೋರಿಸಿದರಂತೆ. ಚಿತ್ರ ಬರೆಯುವವನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಇವತ್ತಿಗೂ ಕೊರಗುವ ಡುಲೂತ್ ಊರಿನ ಅತ್ತೆ ನಾರ್ಮಾಗೂ ಫೋನ್ ಹೋಗಿತ್ತು. ಸಂಜೆ ಪಕ್ಕದ ಮನೆಯವಳು ಬಂದು ಪುಟ ತೆರೆದುಕೊಡುತ್ತಾಳಂತೆ.

ಹನ್ನೊಂದು ಗಂಟೆಗೆ ಮೇಲಧಿಕಾರಿ ಲೆನೋರ್ ಕರೆದಳು. ಪಾಚಿಯಮ್ಮನ ವಂಶಸ್ಥರು ಮನೆಯ ಆಲ್ಬಮ್ಮಿನ ಫೋಟೋ ಸಮೇತ ಪತ್ರ ಬರೆದಿದ್ದರು. ತಮ್ಮ ಮುತ್ತಜ್ಜಿ ಊರಿಗೆ ಹೆಸರಾದ ಸುಂದರಿ, ಈ ಸಿಡುಕುಮೂತಿ ಯಾರದೆಂದು ತಮಗೆ ತಿಳಿಯದು, ಕೂಡಲೇ ತೆಗೆಯಬೇಕು ಎಂದಿತ್ತು.

"ಈ ಮುಖ ಎಲ್ಲಿಂದ ತಂದೆ?" ಎಂದು ಲೆನೋರ್ ಕೇಳಿದಳು.

ಹೆಂಡತಿಯದೆಂದರೆ ಕೆಲಸ ಹೋಗುತ್ತದೆ. "ಕಲ್ಪನೆ," ಎಂದ ಆರ್ವಿಲ್.

"ನಿನ್ನ ಕಲ್ಪನೆ ಸ್ವಲ್ಪ ಕರುಣೆ ತೋರಿಸಬಹುದಿತ್ತು."

ಹೊಸ ಮುಖ ಬರೆಯಲು ಹೊತ್ತಿರಲಿಲ್ಲ. ಮುಖ ಇದ್ದಲ್ಲಿ ಪಾಚಿ ತುಂಬಿಬಿಡು ಎಂದು ಅಪ್ಪಣೆಯಾಯಿತು. ಊಟದ ಹೊತ್ತಿಗೆ ಆರ್ವಿಲ್ ಕೈಹಿಡಿದವಳ ಕಣ್ಣು, ಬಾಯಿ, ಕೊನೆಗೆ ಆ ಮೂಗನ್ನೂ ತನ್ನ ಕೈಯಾರೆ ಅಳಿಸಿದ. ಅವಳಿಗೆ ಹೇಳೋಣವೆಂದು ಮೂರು ಸಲ ಫೋನ್ ಎತ್ತಿದ. ಮೂರು ಸಲವೂ ಧೈರ್ಯ ಸಾಲಲಿಲ್ಲ.

ಮಧ್ಯಾಹ್ನವೆಲ್ಲ ಪ್ರಯೋಗಶಾಲೆಯಲ್ಲಿದ್ದ ಡೆಲ್ಫಿನ್ ಮತ್ತೆ ಪುಟ ನೋಡಿರಲಿಲ್ಲ. ಸಂಜೆ ಹಾಡು ಗುನುಗುತ್ತಾ ಕೇಕು ಹಿಡಿದುಕೊಂಡು ಬಂದಳು. "ಡೆಲ್ಫಿನ್, ಒಂದು ವಿಷಯ," ಎಂದು ಆರ್ವಿಲ್ ಬಾಯಿ ತೆರೆಯುವುದಕ್ಕೂ ಅವಳಮ್ಮನ ಫೋನ್ ಬರುವುದಕ್ಕೂ ಸರಿಹೋಯಿತು. ಅವನೂ ಹೊಗಳಿಕೆ ಕೇಳಲೆಂದು ಅವಳು ಫೋನಿನ ಸ್ಪೀಕರ್ ಹಾಕಿದಳು.

"ನೋಡಿದೆ ಕಣೇ," ಎಂದರು ನಾರ್ಮಾ. "ಕನ್ನಡಕ ಎಲ್ಲಿಟ್ನೋ ಸಿಗ್ಲಿಲ್ಲ, ಆದ್ರೂ ನೋಡಿದ ತಕ್ಷಣ ನೀನೇ ಅಂತ ಗೊತ್ತಾಯ್ತು. ನಿನ್ನ ಗುಂಗುರು ಕೂದಲು ಹಾಗೇ ಬಂದಿದೆ. ಅಳಿಯಂದಿರ ಕೈಯಲ್ಲಿ ಕಲೆ ಇದೆ, ಒಪ್ಪಿಕೊಂಡೆ. ಮುಖ ಮಾತ್ರ ಯಾಕೋ ಹಸಿರುಗಟ್ಟಿದೆ. ಹೊಟ್ಟೆಗೆ ಸರಿಯಾಗಿ ತಿಂತಿದೀಯ ತಾನೆ?"

ಡೆಲ್ಫಿನ್ ಪುಟ ತೆರೆದು ಬಹಳ ಹೊತ್ತು ನೋಡಿದಳು. ಆಮೇಲೆ ಮಾಡ್ತೀನಿ ಎಂದು ಅಮ್ಮನಿಗೆ ಹೇಳಿ ಫೋನ್ ಇಟ್ಟಳು. ಆರ್ವಿಲ್ ವಂಶಸ್ಥರ ಪತ್ರದ ವಿಷಯವನ್ನೆಲ್ಲ ಹೇಳಿದ. ಸಿಡುಕುಮೂತಿ ಎಂಬ ಪದವನ್ನು ನುಂಗಲು ನೋಡಿದ, ಆಗಲಿಲ್ಲ.

ಅವಳು ಕುರ್ಚಿಯೊಂದನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ನೆಟ್ಟಗೆ ಕೂತಳು.

"ಪೆನ್ಸಿಲ್ ತಗೋ," ಎಂದಳು. "ನಗ್ತಾ ಇದೀನಿ. ಸರಿಯಾಗಿ ನೋಡ್ಕೊಂಡು ಬರಿ."

ಆರ್ವಿಲ್ ತಲೆಯೆತ್ತಿ ನೋಡಿದ. ಅವಳು ನಿಜಕ್ಕೂ ನಗುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಅಂಥ ಭಯಂಕರವಾದ ನಗುವನ್ನು ಅವನು ಕಂಡಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು, ಮೂಗನ್ನು ಕೊನೆಗೆ ಉಳಿಸಿಕೊಂಡು, ಕೂದಲಿನಿಂದ ಶುರುಮಾಡಿದ.