ಓಟಗಾರರ ಪ್ರದಕ್ಷಿಣೆ

ಆಟೋಟದ ವಿಷಯದಲ್ಲಿ ನಾನು ತಿಳಿದವನೆಂದು ಬನಹಟ್ಟಿಯಲ್ಲಿ ಹೆಸರಾದದ್ದು ನನ್ನ ಟ್ರಾನ್ಸಿಸ್ಟರಿನಿಂದ. ಕ್ರಿಕೆಟ್ ಕಾಮೆಂಟರಿ ಇದ್ದ ದಿನ ಓಣಿಯ ಚಹಾದಂಗಡಿಯಲ್ಲಿ ಅದನ್ನು ಕಿವಿಗೆ ಒತ್ತಿಕೊಂಡು ಕೂಡುತ್ತಿದ್ದವನು ನಾನೊಬ್ಬನೇ. ಸೆಲ್ಲು ಯಾವಾಗಲೂ ಇಳಿದಿರುತ್ತಿದ್ದುದರಿಂದ ಉಳಿದವರಿಗೆ ಏನೂ ಕೇಳಿಸುತ್ತಿರಲಿಲ್ಲ. ನನಗೂ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಆದರೆ "ಏನಾತ್ರೀ?" ಎಂದು ಮಂದಿ ಕೇಳಿದರೆ ಏನಾದರೂ ಹೇಳಬೇಕಲ್ಲ. "ಬಿಗಿ ಹಿಡದಾರ" ಎನ್ನುತ್ತಿದ್ದೆ. ಯಾರು ಯಾರನ್ನು ಹಿಡಿದಿದ್ದಾರೆಂದು ಹೇಳದಿದ್ದುದರಿಂದ ನನ್ನ ಮಾತು ಎಂದೂ ಸುಳ್ಳಾಗಲಿಲ್ಲ.

ಹೀಗೆ ಗಳಿಸಿದ ಕೀರ್ತಿ ಒಂದು ದಿನ ಬೂಟಿನ ಅಂಗಡಿಯ ಶಂಕ್ರಪ್ಪನನ್ನು ನಮ್ಮ ಮನೆಗೆ ಕರೆತಂದಿತು. ಅವನು ಓಣಿಯ ತರುಣ ಸಂಘದ ಅಧ್ಯಕ್ಷ. ಮಕ್ಕಳಿಗಾಗಿ ಕ್ರೀಡಾ ರಸಪ್ರಶ್ನೆ ಇಡುವವರಿದ್ದರು. ಪ್ರಶ್ನೆ ಕೇಳುವವರು ಬೇಕಾಗಿತ್ತು.

"ನಿಮ್ಮಷ್ಟು ಆಟದ್ದು ತಿಳದವ್ರು ಈ ಊರಾಗ ಯಾರದಾರ ಹೇಳ್ರಿ?"

ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಯಾರೂ ನೆನಪಾಗಲಿಲ್ಲ. ಒಪ್ಪಿಕೊಂಡೆ.

ಬಹುಮಾನ ಒಂದು ಜೊತೆ ಬಿಳಿ ಕ್ಯಾನ್ವಾಸ್ ಬೂಟು. ಶಂಕ್ರಪ್ಪ ಆ ಮಾತು ಹೇಳಿದಾಗ ನಮ್ಮ ಮಗಳು ರತ್ನಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅವಳು ಆಗ ಏಳನೆಯ ಇಯತ್ತೆ. ಸಾಲಿಯಲ್ಲಿ ಓಟಕ್ಕೆ ಅವಳೇ ಮುಂದು, ಮತ್ತು ಜಮಖಂಡಿಯಲ್ಲಿ ತಾಲೂಕಿನ ಆಟೋಟ ಹತ್ತಿರ ಬಂದಿತ್ತು. ಬೂಟು ಕೊಡಿಸೆಂದು ಅವಳು ಕೇಳುತ್ತ ಬಂದು ಬಹಳ ದಿನವಾಗಿತ್ತು. ನಾನು ಇಲ್ಲವೆಂದಿರಲಿಲ್ಲ. ಆದರೆ ಬೆಳೆಯುವ ಕಾಲು. ಇಂದು ಕೊಂಡದ್ದು ನಾಳೆ ಬಿಗಿಯಾಗುತ್ತದೆ. ಬಿಗಿಯಾದರೆ ಬೆರಳು ಸೊಟ್ಟಗಾಗುತ್ತದೆ. ಬೆರಳು ಸೊಟ್ಟಗಾದರೆ ನಾಳೆ ಬೀಗರು ಏನೆಂದಾರು? ನನ್ನ ಚಿಂತೆ ಇಷ್ಟು ದೂರ ಹೋಗಿ, ಕಾಲು ಬೆಳೆಯುವುದು ಒಂದು ಹಂತಕ್ಕೆ ಬಂದ ಮೇಲೆ ನೋಡೋಣವೆಂದು ನಿಂತಿತ್ತು.

"ನಾನೂ ಹೆಸರ ಕೊಡತೀನಿ" ಎಂದಳು ರತ್ನಾ. "ಬೂಟು ನನಗಽ ಬರ್ತಾವು. ನೋಡಪಾ ನೀ."

ಪ್ರಶ್ನೆ ಕೇಳುವವನು ಅಪ್ಪ, ಗೆಲ್ಲುವವಳು ಮಗಳು. ಮನೆಯಲ್ಲೇ ಉತ್ತರ ಬಾಯಿಪಾಠ ಮಾಡಿಸಿದ್ದಾನೆಂದು ಊರು ಆಡಿಕೊಳ್ಳುವುದಿಲ್ಲವೆ? ಅಂದಿನಿಂದಲೇ ನಮ್ಮ ಮನೆಯಲ್ಲಿ ಆಟದ ಮಾತನ್ನು ನಿಷೇಧಿಸಿದೆ. ಟ್ರಾನ್ಸಿಸ್ಟರನ್ನು ಧೋತರದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಸಂಜೆ ಹೊರಗೆ ಹುಡುಗರು ಕಬಡ್ಡಿ ಆಡುವಾಗ ಕಿಟಕಿ ಮುಚ್ಚಿದೆ.

"ಕಬಡ್ಡಿ ಕಬಡ್ಡಿ ಅಂತ ಒದರಾಕತ್ತಾವು" ಎಂದಳು ನನ್ನ ಹೆಂಡತಿ ಶಾಂತಾ. "ಅದರಾಗ ಯಾವ ಉತ್ತರ ಸೋರಾಕತ್ತೈತ್ರಿ? ಸೆಕಿ ಆಗಾಕತ್ತೈತಿ, ತಗೀರಿ ಕಿಟಕಿ."

"ನಿನಗ ತಿಳಿಯೂದಿಲ್ಲ. ತೀರ್ಪು ಕೊಡೂ ಪಂಚನ ಜವಾಬ್ದಾರಿ ಇದು."

"ಪಂಚಗ ಗಾಳಿ ಬ್ಯಾಡೇನು?"

ಕಾರ್ಯಕ್ರಮ ನಡೆದದ್ದು ಮಗ್ಗಗಳಿಗೆ ಸೂಟಿ ಇದ್ದ ದಿನ, ಗುಡಿಯ ಪೌಳಿಯಲ್ಲಿ. ಊರಲ್ಲಿ ಡಂಗುರ ಸಾರಿದವನು ಅಲ್ಲಿಯತನಕ ಕುಸ್ತಿಗಳನ್ನಷ್ಟೇ ಸಾರಿದವನು. ರೂಢಿಯ ಪ್ರಕಾರ ಇದನ್ನೂ "ಮಕ್ಕಳ ಜಂಗೀ ನಿಕಾಲಿ ರಸಪ್ರಶ್ನೆ" ಎಂದು ಸಾರಿಬಿಟ್ಟಿದ್ದ. ನಿಕಾಲಿ ಕುಸ್ತಿಯೆಂದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತುವತನಕ ಬಿಡಿಸುವಂತಿಲ್ಲ. ಸಮ ಎಂಬುದು ಅದರಲ್ಲಿಲ್ಲ. ಹೀಗಾಗಿ ಮಕ್ಕಳ ತಂದೆತಾಯಿಗಳ ಹಿಂದೆ ಕುಸ್ತಿಯ ಮಂದಿಯೆಲ್ಲ ತಲೆಗೆ ಪಟಗಾ ಸುತ್ತಿಕೊಂಡು ಬಂದು ಕೂತಿತ್ತು. ಮುಖ್ಯ ಅತಿಥಿಗಳೂ ಗರಡಿಮನೆಯ ಹಿರಿಯ ವಸ್ತಾದರೇ. ಅವರು ಕುರ್ಚಿಯಲ್ಲಿ ತೊಡೆಯ ಮೇಲೆ ಕೈಯಿಟ್ಟು ಕೂತ ರೀತಿ ನೋಡಿ, ತಪ್ಪು ಉತ್ತರ ಕೊಟ್ಟವರನ್ನು ಎತ್ತಿ ಒಗೆಯುತ್ತಾರೇನೋ ಎಂದು ಹೆದರಿ ಇಬ್ಬರು ಹುಡುಗರು ಸುರುವಿನಲ್ಲೇ ಎದ್ದುಹೋದರು.

ಪಕ್ಷಪಾತದ ಮಾತು ಬರಬಾರದೆಂದು ಎಲ್ಲರಿಗೂ ಸಸಾರದ ಪ್ರಶ್ನೆ ಕೇಳಿ, ರತ್ನಾಳಿಗೆ ಮಾತ್ರ ಬಿರುಸಾದವನ್ನು ಇಟ್ಟುಕೊಂಡಿದ್ದೆ. ಬೇರೆ ಮಕ್ಕಳಿಗೆ, "ಹಾಕಿ ಆಡುವುದು ಕೈಯಿಂದಲೋ, ಕೋಲಿನಿಂದಲೋ?" ರತ್ನಾಳಿಗೆ, "ಖೋ ಖೋದಲ್ಲಿ ಬೆನ್ನಟ್ಟುವ ತಂಡದವರು ಎಷ್ಟು ಮಂದಿ ಕೂತಿರುತ್ತಾರೆ?" ಒಂಬತ್ತೆಂದು ಹೇಳಿ ಬೀಳುತ್ತಾಳೆಂದು ನನ್ನ ಎಣಿಕೆ. "ಎಂಟ. ಒಬ್ಬಾಕಿ ಓಡತಿರತಾಳ" ಎಂದಳು.

ಹೆಂಗಸರ ಸಾಲಿನಿಂದ ಒಂದು ದನಿ ಕೇಳಿಸಿತು. "ಮಲಮಗಳೇನ ಆಕಿ?"

ಅದು ಶಾಂತಾಳ ದನಿಯಂತಿತ್ತು. ಆ ಕಡೆ ನೋಡಲಿಲ್ಲ.

ಕೊನೆಗೆ ಉಳಿದವರು ಇಬ್ಬರು. ರತ್ನಾ, ಮತ್ತು ನೇಕಾರರ ಬಸು. ಬಸು ಏನು ಹೇಳಿದರೂ ಎದೆ ಉಬ್ಬಿಸಿ, ಗುಡಿಯ ಗಂಟೆ ಹೊಡೆದ ಹಾಗೆ ಹೇಳುವ ಹುಡುಗ. ಇಬ್ಬರೂ ಸಮ. ನಾನು ಬರೆದುಕೊಂಡು ಬಂದ ಪ್ರಶ್ನೆಗಳು ಮುಗಿದವು. ಇಬ್ಬರನ್ನೂ ಸಮವೆಂದು ಸಾರಿ ಕೆಳಗಿಳಿಯಲು ಸಿದ್ಧನಾದೆ.

"ಬೂಟು ಒಂದ ಜೋಡಿ ಐತೆಲ್ರಿ" ಎಂದ ಶಂಕ್ರಪ್ಪ.

"ಒಬ್ಬರಿಗೆ ಎಡಗಾಲಿಂದು, ಒಬ್ಬರಿಗೆ ಬಲಗಾಲಿಂದು ಕೊಡ್ರಿ" ಎಂದು ಯಾರೋ ಪರಿಹಾರ ಸೂಚಿಸಿದರು.

ವಸ್ತಾದರು ಕೈ ಎತ್ತಿದರು. "ನಿಕಾಲಿ ಅಂತ ಸಾರೇರಿ. ನಿಕಾಲಿ ಆಗಬೇಕು. ಕೇಳ್ರಿ ಮಾಸ್ತರ."

ನಾನು ಮಾಸ್ತರನಲ್ಲ, ನೇಕಾರರ ಸೊಸೈಟಿಯ ಗುಮಾಸ್ತ ಎಂದು ಹೇಳಲು ಅದು ಸಮಯವಲ್ಲ. ಚಿಂತೆ ಮಾಡುವವರ ತಲೆಯಲ್ಲಿ ಇಂಥ ವೇಳೆಗೆ ಏನಾಗುತ್ತದೆಂದರೆ, ಉತ್ತರಗಳೆಲ್ಲ ಹೊರಟುಹೋಗಿ ಬರೀ ಪ್ರಶ್ನೆಗಳು ಉಳಿಯುತ್ತವೆ. ಅವನ್ನೇ ಕೇಳತೊಡಗಿದೆ. ವಾಲಿಬಾಲಿನ ತೂಕ ಎಷ್ಟು? ನನಗೆ ಗೊತ್ತಿರಲಿಲ್ಲ. "ಕಾಲ ಕಿಲೋ ರೀ" ಎಂದು ಬಸು ಗುಡುಗಿದ. ಇಷ್ಟು ಧೈರ್ಯವಾಗಿ ಹೇಳುವವನು ತಪ್ಪು ಹೇಳಿರಲಾರ. "ಸರಿ" ಎಂದೆ. ರತ್ನಾಳಿಗೊಂದು ಕೇಳಿದೆ. ಅವಳೂ ಧೈರ್ಯವಾಗಿಯೇ ಹೇಳಿದಳು. ಅದೂ ಸರಿ. ಉತ್ತರ ಗೊತ್ತಿಲ್ಲದೆಯೂ ತೀರ್ಪು ಕೊಡಬಹುದೆಂದು ಅಂದು ಕಂಡುಕೊಂಡೆ. ಈ ಹಾದಿಯಲ್ಲಿ ಕತ್ತಲಾಗುವತನಕ ನಡೆಯಬಹುದಿತ್ತು. ಆದರೆ ಮಂದಿ ಆಕಳಿಸತೊಡಗಿದ್ದರು. ಇಬ್ಬರಿಗೂ ಒಂದೇ ಕೊನೆಯ ಪ್ರಶ್ನೆ ಎಂದು ಸಾರಿ, ಮಗಳು ಓಡುವವಳಲ್ಲವೆ, ಓಟದ್ದನ್ನೇ ಕೇಳಿದೆ.

"ದೊಡ್ಡ ಓಟದಲ್ಲಿ ಓಟಗಾರರು ಮೈದಾನವನ್ನು ಯಾವ ದಿಕ್ಕಿಗೆ ಸುತ್ತುತ್ತಾರೆ?"

"ಎಡಗೈ ಒಳಗ ಮಾಡಿ" ಎಂದಳು ರತ್ನಾ, ನಾನು ಬಾಯಿ ಮುಚ್ಚುವ ಮೊದಲೇ.

ಪೌಳಿಯಲ್ಲಿ ಗುಸುಗುಸು ಎದ್ದಿತು. ಮುಂದೆ ಕೂತ ಮುದುಕಿಯೊಬ್ಬಳು ಗಲ್ಲಕ್ಕೆ ಕೈ ಹಚ್ಚಿದಳು. "ಶಿವನಽ, ಉಲ್ಟಾ ಸುತ್ತತಾರಂತ?" ವಸ್ತಾದರ ಹುಬ್ಬು ಗಂಟಾಯಿತು.

"ಬಲಗೈ ಒಳಗ ರೀ" ಎಂದ ಬಸು. "ಗುಡಿ ಸುತ್ತಿದಂಗ."

ಪೌಳಿಯೆಲ್ಲ ಹೌದು ಹೌದು ಎಂದಿತು. ನಾನು ಇಬ್ಬರ ಮುಖವನ್ನೂ ನೋಡಿದೆ. ಧೈರ್ಯ ಎರಡರಲ್ಲೂ ಸಮವಾಗಿತ್ತು. ಹಿಂದೆ ತಿರುಗಿ ಗರ್ಭಗುಡಿ ನೋಡಿದೆ. ದೇವರ ಕಣ್ಣೆದುರಿಗೇ, ಅಪ್ರದಕ್ಷಿಣೆ ಸುತ್ತುವುದು ಸರಿಯೆಂದು ಹೇಳುವುದೆ? ಅದೂ ಸ್ವಂತ ಮಗಳಿಗೆ ಬೂಟು ಬರಲೆಂದು?

"ಬಸು ಹೇಳಿದ್ದು ಸರಿ" ಎಂದೆ.

ವಸ್ತಾದರು ಎದ್ದು ಬಂದು ನನ್ನ ಬೆನ್ನು ಚಪ್ಪರಿಸಿದರು. ಆ ಬೆನ್ನು ಇಂದಿಗೂ ಚಳಿಗೆ ನೋಯುತ್ತದೆ. "ನ್ಯಾಯ ಅಂದ್ರ ಹಿಂಗಿರಬೇಕು. ಮಗಳಂತ ಮಖಾ ನೋಡಲಿಲ್ಲ" ಎಂದು ನನ್ನ ತಲೆಗೆ ಪಟಗಾ ಸುತ್ತಿದರು. ಯಾವ ದಿಕ್ಕಿಗೆ ಸುತ್ತಿದರೆಂದು ಗಮನಿಸಲಿಲ್ಲ. ನಾನು ನೋಡುತ್ತಿದ್ದುದು ರತ್ನಾಳನ್ನು. ಶಂಕ್ರಪ್ಪ ಬಸುವಿನ ಕಾಲಿಗೆ ಬೂಟು ತೊಡಿಸುವಾಗ ಅವಳು ತನ್ನ ಎಡಗೈಯನ್ನೊಮ್ಮೆ, ಬಲಗೈಯನ್ನೊಮ್ಮೆ ನೋಡಿಕೊಳ್ಳುತ್ತಿದ್ದಳು.

"ಮದಲ ಅದನ್ನ ತಗೀರಿ" ಎಂದಳು ಶಾಂತಾ, ನಾನು ಪಟಗಾದೊಡನೆ ಮನೆ ಹೊಕ್ಕಾಗ. "ಅಲ್ರೀ, ಮಗಳು ದಿನಾ ಓಡತಾಳ. ನೀವು ದಿನಾ ಕುಂಡರತೀರಿ. ಓಡೂದು ಯಾರಿಗೆ ಗೊತ್ತಿರತೈತಿ?"

ನಿದ್ದೆ ಬರಲಿಲ್ಲ. ಮರುದಿನ ಸಾಲಿಯ ಪಿ.ಟಿ. ಮಾಸ್ತರರನ್ನು ಕಂಡೆ.

"ಎಡಗೈ ಒಳಗಽ ರೀ. ಎಲ್ಲಾ ಕಡೆ ಹಂಗಽ."

"ಯಾಕ್ರೀ ಹಂಗ?"

"ಅದು ನನಗೂ ಗೊತ್ತಿಲ್ರಿ. ಆದ್ರ ನಿನ್ನಿಯಿಂದ ನನ್ನ ಹುಡುಗರು ಅರ್ಧಾ ಮಂದಿ ಬಲಗೈ ಒಳಗ ಮಾಡಿ ಓಡಾಕತ್ತಾರ. ಪಂಚರು ಹೇಳ್ಯಾರ ಅಂತಾರ. ಮುಂಜಾನೆ ಇಬ್ಬರು ಎದುರಾಬದುರಾ ಡಿಕ್ಕಿ ಹೊಡಕೊಂಡ್ರು." ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಛಲೋ ಇತ್ತು.

ಅಲ್ಲಿಂದ ನೇರವಾಗಿ ಶಂಕ್ರಪ್ಪನ ಅಂಗಡಿಗೆ ಹೋದೆ. ರತ್ನಾಳ ಅಳತೆಯ ಬೂಟು ಇದ್ದದ್ದು ಒಂದೇ ಜೊತೆಯಂತೆ, ಅದನ್ನೇ ಬಹುಮಾನಕ್ಕೆ ಇಟ್ಟಿದ್ದನಂತೆ. ಅದರ ಮೇಲಿನ ಅಳತೆಯದೊಂದು ಇತ್ತು. ಬೆಳೆಯುವ ಕಾಲು ಎಂಬ ನನ್ನ ಹಳೆಯ ಸಿದ್ಧಾಂತವನ್ನು ತಿರುಗಿಸಿ ಹಾಕಿ, ಅದನ್ನೇ ತಂದೆ. ರತ್ನಾ ತೊಟ್ಟು ನಡೆದಳು. ಬೂಟು ಒಂದು ಹೆಜ್ಜೆ ತಡವಾಗಿ ಹಿಂದೆ ಬರುತ್ತಿತ್ತು.

"ನೂಲಿನ ಚಿಂದಿ ತುರುಕಿದ್ರ ಬಿಗಿ ಆಗತೈತಿ" ಎಂದೆ.

"ಆಗಲಿ" ಎಂದಳು. ನನಗೆ ಬೇಸರವಾಗಬಾರದೆಂದು ಹಾಗೆಂದಳೆಂದು ಗೊತ್ತಾಯಿತು.

ಜಮಖಂಡಿಗೆ ನಾನೂ ಹೋದೆ. ಓಟ ಸುರುವಾಗುವ ಮುನ್ನ ಅವಳು ಬೂಟು ಕಳಚಿ, ಒಳಗಿನ ಚಿಂದಿಯ ಸಮೇತ ನನ್ನ ಕೈಗಿತ್ತಳು. "ಇವನ್ನ ಹಿಡಿಯಪಾ. ಚಂದಾಗಿ ನೋಡು, ಮುಗಿಯೂದು ಇಲ್ಲೇ ನಿನ್ನ ಮುಂದಽ."

ಎರಡೂ ಕೈಯಲ್ಲಿ ಒಂದೊಂದು ಬೂಟು ಹಿಡಿದು ಗೆರೆಯ ಹತ್ತಿರ ನಿಂತೆ. ಎಡಗೈ ಒಳಗೆ, ಎಡಗೈ ಒಳಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪಿಸ್ತೂಲು ಢಂ ಎಂದಿತು. ಬಿದ್ದರೆ? ಕಲ್ಲು ಚುಚ್ಚಿದರೆ? ಆ ಗಾಬರಿಯಲ್ಲಿ, ಹುಟ್ಟಿದಾಗಿನಿಂದ ಗುಡಿ ಸುತ್ತಿದ ಕುತ್ತಿಗೆ ತಾನಾಗಿಯೇ ಪ್ರದಕ್ಷಿಣೆಯವರು ಬರುವ ಕಡೆಗೆ ತಿರುಗಿಕೊಂಡಿತು. ಕಣ್ಣು ಮಿಟುಕಿಸದೆ ನೋಡಿದೆ. ಬಹಳ ಹೊತ್ತು ನೋಡಿದೆ. ನಾನು ನೋಡುತ್ತಿದ್ದ ಕಡೆಯಿಂದ ಯಾರೂ ಬರಲಿಲ್ಲ.

ಬೆನ್ನ ಹಿಂದೆ ಚಪ್ಪಾಳೆ ಕೇಳಿ ತಿರುಗಿದೆ. ರತ್ನಾ ಮಣಕಾಲ ಮೇಲೆ ಕೈಯಿಟ್ಟು ಬಗ್ಗಿ ಏದುಸಿರು ಬಿಡುತ್ತಿದ್ದಳು. ಎರಡನೆಯವಳಾಗಿ ಬಂದಿದ್ದಳು.

"ಅಪ್ಪಾ, ನೋಡಿದಿ?"

"ನೋಡಿದೆ" ಎಂದೆ.

ಅವಳು ನಾನು ನಿಂತ ಭಂಗಿಯನ್ನು ನೋಡಿದಳು. ಬೂಟಿನ ತುದಿಗಳೆರಡೂ ಇನ್ನೂ ಯಾರೂ ಬಾರದ ಆ ಕಡೆಗೇ ಇದ್ದವು.

"ಇರಲಿ ತಗೋ" ಎಂದು ನನ್ನ ಕೈಯಿಂದ ಬೂಟು ಇಸಿದುಕೊಂಡಳು. "ಬಸ್ಸಿಗೆ ಹೋಗೂಣು ನಡಿ. ಆ ಕಡೆ ಅಲ್ಲ, ಅಪ್ಪಾ. ಈ ಕಡೆ."